ಹಂಡೆಯ ಮಜ್ಜಿಗೆ

ಬೆಳಗಾಗುವುದರೊಳಗೆ ಸತ್ತಿ ಊರಿನ ಸಕ್ಕುಬಾಯಿ ಮಾಡಿ ಮುಗಿಸುವ ಕೆಲಸ ಇಷ್ಟು. ನಾಲ್ಕಕ್ಕೆ ಎದ್ದು ಎರಡು ಎಮ್ಮೆಗಳ ಸಗಣಿ ಬಳಿದು ತಿಪ್ಪೆಗೆ ಹಾಕುವುದು, ಮೇವು ಹಾಕುವುದು, ಹಾಲು ಹಿಂಡುವುದು. ಅಂಗಳ ಗುಡಿಸಿ ನೀರು ಹೊಡೆದು ನಾಲ್ಕು ಗೆರೆ ರಂಗೋಲಿ ಎಳೆಯುವುದು. ನಳ ಬರುವ ದಿನವಾದರೆ ಹಂಡೆ, ಕೊಡ, ಬ್ಯಾರಲ್ಲು ತುಂಬುವುದು. ಬಾರದ ದಿನವಾದರೆ ಬೋರಿನಿಂದ ಹೊತ್ತು ತರುವುದು. ಅತ್ತೆ ಪದ್ಮವ್ವನ ಮೊಣಕಾಲಿಗೆ ಉಪ್ಪಿನ ಗಂಟಿನಿಂದ ಶಾಖ ಕೊಡುವುದು. ಮೊಸರು ಕಡೆದು ಬೆಣ್ಣೆ ತೆಗೆಯುವುದು. ಹದಿನಾರು ರೊಟ್ಟಿ ಬಡಿಯುವುದು. ಗಂಡ ಧರೆಪ್ಪನಿಗೆ ಸಕ್ಕರೆ ಇಲ್ಲದ ಚಹಾ, ಮೈದುನ ದುಂಡೇಶನಿಗೆ ಸಕ್ಕರೆ ಹೆಚ್ಚಿನ ಚಹಾ, ಅತ್ತೆಗೆ ಬೆಲ್ಲದ ಚಹಾ ಕಾಯಿಸಿಡುವುದು. ಇವು ಮೂರು ಪಾತ್ರೆಗಳಲ್ಲಿ ಆಗುತ್ತವೆ. ಮೂರರಲ್ಲಿ ಯಾವುದು ಉಳಿಯುತ್ತದೋ ಅದು ಅವಳ ಚಹಾ.

ಮಂಗಳವಾರ, ಶುಕ್ರವಾರಗಳಲ್ಲಿ ಇದರ ಜೊತೆಗೆ ಹಂಡೆ ತಿಕ್ಕುವುದೂ ಇರುತ್ತದೆ.

ಇಷ್ಟಾದ ಮೇಲೆ ಹೊತ್ತು ಮೂಡುತ್ತದೆ. ಸಕ್ಕುಬಾಯಿ ಹಿತ್ತಲಿನಲ್ಲಿ ನೆರಳಿಗೆ ಬಲೆ ಕಟ್ಟಿದ ಶೇಡ್‌ನೆಟ್ಟಿಗೆ ಹೋಗುತ್ತಾಳೆ. ಅಲ್ಲಿ ಅವಳು ಕಬ್ಬಿನ ಸಸಿ ಬೆಳೆಸಿ ಮಾರುತ್ತಾಳೆ. ಊರಿನವರು ಯಾರಾದರೂ "ನಿಮ್ಮಾಕಿ ಏನ ಕೆಲಸ ಮಾಡ್ತಾರ್ರೀ?" ಎಂದು ಧರೆಪ್ಪನನ್ನು ಕೇಳಿದರೆ ಅವನು "ಮುಂಜಾನೆ ಎರಡ ತಾಸ ನರ್ಸರಿ ಮಾಡ್ತಾಳ" ಎನ್ನುತ್ತಾನೆ. ಅದು ಸುಳ್ಳಲ್ಲ.

ನಲವತ್ತೈದು ವರ್ಷದ ಸಕ್ಕುಬಾಯಿಯ ತವರು ರಾಯಬಾಗ ತಾಲೂಕು. ಏಳನೇ ಇಯತ್ತೆ ಓದಿದ್ದಾಳೆ. ಮದುವೆಯಾಗಿ ಇಪ್ಪತ್ತಾರು ವರ್ಷ. ಒಬ್ಬಳೇ ಮಗಳನ್ನು ಹಾರೂಗೇರಿಗೆ ಕೊಟ್ಟ ವರ್ಷ ಮನೆಯಲ್ಲಿ ರೊಟ್ಟಿಯ ಎಣಿಕೆ ಮೂರು ಕಡಿಮೆಯಾಯಿತು. ಆ ಉಳಿದ ಹೊತ್ತಿನಲ್ಲಿ ಅವಳು ಸಸಿ ಹಚ್ಚಲು ಶುರು ಮಾಡಿದಳು. ಕಬ್ಬಿನ ಗಿಣ್ಣಿನಲ್ಲಿ ಮೊಳೆಯುವ ಕಣ್ಣುಗಳನ್ನು ಚಿಕ್ಕ ಚಿಕ್ಕ ಚಕ್ಕೆಯಾಗಿ ತೆಗೆದು, ಐವತ್ತು ಗುಳಿಗಳ ಪ್ಲಾಸ್ಟಿಕ್ ಟ್ರೇಯಲ್ಲಿ ಕೋಕೋಪೀಟು ತುಂಬಿ, ಗುಳಿಗೊಂದು ಕಣ್ಣು ಹುಗಿಯುವುದು. ಕೋಕೋಪೀಟು ಎಂದರೆ ತೆಂಗಿನ ನಾರಿನ ಪುಡಿ. ಮಣ್ಣಿಗಿಂತ ಹಗುರ, ಕಸ ಬೆಳೆಯುವುದಿಲ್ಲ. ತಿಂಗಳಿಗೆ ಸಸಿ ಗೇಣುದ್ದ ಆಗುತ್ತದೆ. ಅಥಣಿಯಿಂದ ಕಾಗವಾಡದವರೆಗೆ ಹೊಲ ಇರುವವರು ಬಂದು ಒಯ್ಯುತ್ತಾರೆ. ಸಕ್ಕುಬಾಯಿಯ ಸಸಿ ಎಂದರೆ ನೂರರಲ್ಲಿ ತೊಂಬತ್ತೈದು ಬೇರು ಹಿಡಿದು ಹತ್ತುತ್ತವೆ ಎಂಬ ಹೆಸರಿತ್ತು. ಊರಿನಲ್ಲಿ ಅವಳ ಹೆಸರಿನಿಂದ ನಡೆಯುವುದು ಅದೊಂದೇ. ಮನೆ ಅತ್ತೆಯ ಹೆಸರಿನದು, ಹೊಲ ಗಂಡನದು, ಎಮ್ಮೆಗಳೂ ಡೇರಿಯಲ್ಲಿ ದುಂಡೇಶನ ಹೆಸರಿನಲ್ಲಿದ್ದವು.

ಇನ್ನು ಹಂಡೆ. ಅದು ಪದ್ಮವ್ವ ತವರಿನಿಂದ ತಂದದ್ದು. ಆರು ಕೊಡ ನೀರು ಹಿಡಿಯುವ ತಾಮ್ರದ ಹಂಡೆ ಅಡುಗೆಮನೆಯ ಬಾಗಿಲಲ್ಲಿ, ಪಡಸಾಲೆಯಲ್ಲಿ ಕುಳಿತವರಿಗೆ ಕಾಣುವಂತೆ ಇರುತ್ತದೆ. ಅದರಲ್ಲಿಯ ನೀರು ಆರೋಗ್ಯಕ್ಕೆ ಒಳ್ಳೆಯದು ಎಂದು ಮನೆಯ ಗಂಡಸರಿಬ್ಬರೂ ಬಂದವರಿಗೆಲ್ಲ ಹೇಳುತ್ತಾರೆ. ಹುಣಸೆಹಣ್ಣು, ಉಪ್ಪು, ಬೂದಿ ಹಾಕಿ ಅದನ್ನು ಒಳಗೂ ಹೊರಗೂ ತಿಕ್ಕಲು ಮುಕ್ಕಾಲು ತಾಸು ಬೇಕು. ಒಳಗೆ ತಿಕ್ಕಲು ಭುಜದವರೆಗೆ ಕೈ ಇಳಿಸಿ, ತಲೆಯನ್ನೂ ಅರ್ಧ ಒಳಗೆ ಹಾಕಬೇಕು. ದುಂಡೇಶನಿಗೆ ಹೆಣ್ಣು ನೋಡುವುದು ಆರು ವರ್ಷಗಳಿಂದ ನಡೆದಿದ್ದುದರಿಂದ ಹೆಣ್ಣಿನ ಕಡೆಯವರು ಯಾವಾಗ ಬಂದಾರೆಂದು ಹೇಳುವಂತಿರಲಿಲ್ಲ. ಹೀಗಾಗಿ ಹಂಡೆ ಯಾವಾಗಲೂ ಹೊಳೆಯುತ್ತಿರಬೇಕಿತ್ತು.

ಎರಡು ವರ್ಷದ ಹಿಂದೆ ಒಂದು ಸಂಜೆ ಮೂರು ದಿನದ ಹುಳಿ ಮಜ್ಜಿಗೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸಕ್ಕುಬಾಯಿ ಖಾಲಿ ಹಂಡೆಯಲ್ಲಿ ಸುರಿದಳು. ಮುಂಜಾನೆ ನೋಡಿದರೆ ಮಜ್ಜಿಗೆ ತಿಳಿಹಸಿರಾಗಿತ್ತು. ಹಂಡೆಯ ಒಳಗು ಹೊಸದರಂತೆ ಹೊಳೆಯುತ್ತಿತ್ತು. ಅದೇ ಮಜ್ಜಿಗೆಯಲ್ಲಿ ಬಟ್ಟೆ ಅದ್ದಿ ಹೊರಗೆ ಒರೆಸಿದರೆ ಹೊರಗೂ ಅಷ್ಟೇ. ಎರಡು ಸಲ ನೀರು ಹಾಕಿ ಗಲಬರಿಸಿದರೆ ಮುಗಿಯಿತು. ಮುಕ್ಕಾಲು ತಾಸಿನ ಕೆಲಸ ಹತ್ತು ನಿಮಿಷಕ್ಕೆ ಇಳಿಯಿತು. ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಉಳಿದ ಮೂವತ್ತೈದು ನಿಮಿಷಕ್ಕೆ ಬೇರೆ ಕೆಲಸ ಬರುತ್ತಿತ್ತು.

"ನಮ್ಮ ಸಕ್ಕೂಬಾಯಿ ಹಂಡೆ ತಿಕ್ಕೂದು ನೋಡ್ರಿ. ಕೈಯಾಗ ಕಸುವ ಐತಿ ಆಕೀದು," ಎಂದು ಪದ್ಮವ್ವ ಬಂದವರಿಗೆ ಹೇಳತೊಡಗಿದಳು. ಇಪ್ಪತ್ತಾರು ವರ್ಷದಲ್ಲಿ ಸೊಸೆಯ ಬಗ್ಗೆ ಅವಳು ಹೇಳಿದ ಒಳ್ಳೆಯ ಮಾತು ಅದೊಂದೇ.

ಹಸಿರು ಮಜ್ಜಿಗೆಯನ್ನು ಚೆಲ್ಲಲು ಮನಸ್ಸು ಬರಲಿಲ್ಲ. ಮಹಿಳಾ ಸಂಘದ ಸಭೆಗೆ ಬಂದಿದ್ದ ಯಾರೋ ಒಬ್ಬರು, ಹುಳಿ ಮಜ್ಜಿಗೆಯಲ್ಲಿ ತಾಮ್ರದ ತುಂಡು ನೆನೆಹಾಕಿ ನೀರು ಬೆರೆಸಿ ಎಲೆಗೆ ಹೊಡೆದರೆ ಬುರುಸು, ಎಂದರೆ ಬೂಷ್ಟು ರೋಗ, ಬರುವುದಿಲ್ಲ ಎಂದು ಹೇಳಿದ್ದರು. ಇಲ್ಲಿ ತುಂಡೇನು, ಇಡೀ ಹಂಡೆಯೇ ಇತ್ತು. ಸಕ್ಕುಬಾಯಿ ನೀರು ಬೆರೆಸಿ ಸಸಿಗಳಿಗೆ ಹೊಡೆದಳು. ಮಳೆಗಾಲದ ಬುರುಸು ನಿಜಕ್ಕೂ ನಿಂತಿತು. ಆದರೆ ಹೊಡೆಯುವ ಪಂಪು ದುಂಡೇಶನದು. ಅದು ಹೊಲದಲ್ಲಿರುತ್ತಿತ್ತು, ಇಲ್ಲವೇ ಅವನ ಗೆಳೆಯರ ಹೊಲದಲ್ಲಿರುತ್ತಿತ್ತು. ನಾಲ್ಕು ಸಲ ಕೇಳಿ, ಐದನೆಯ ಸಲ ಅವಳು ತಂಬಿಗೆಯಿಂದ ಟ್ರೇಗಳಿಗೆ ಮಜ್ಜಿಗೆಯನ್ನು ನೇರವಾಗಿ ಹನಿಸಿದಳು. ಅದು ಬೇಗ ಆಗುತ್ತಿತ್ತು. ಅಂದಿನಿಂದ ವಾರಕ್ಕೆ ಎರಡು ಸಲ ಹಂಡೆ ಹೊಳೆಯಿತು, ವಾರಕ್ಕೆ ಎರಡು ಸಲ ಟ್ರೇಗಳಿಗೆ ಮಜ್ಜಿಗೆ ಬಿತ್ತು. ಸಸಿ ಮಾರಿದ ಮೇಲೆ ಗಿರಾಕಿಗಳು ಟ್ರೇ ಮರಳಿ ಕೊಡುತ್ತಿದ್ದರು. ತಳದಲ್ಲಿ, ಹತ್ತದ ಗುಳಿಗಳಲ್ಲಿ ಉಳಿದ ಕೋಕೋಪೀಟನ್ನು ಅವಳು ಉದುರಿಸಿ, ಬಿಸಿಲಿಗೆ ಒಣಗಿಸಿ, ಹೊಸದರ ಜೊತೆ ಬೆರೆಸಿ ಮತ್ತೆ ತುಂಬುತ್ತಿದ್ದಳು. ಈ ವರ್ಷವಂತೂ ಹೊಸದು ಬಂದಿರಲಿಲ್ಲ. ತರುವವನು ದುಂಡೇಶ, ಅಥಣಿಗೆ ಅವನು ವಾರಕ್ಕೆ ಮೂರು ಸಲ ಹೋಗುತ್ತಿದ್ದ, ಆದರೆ ಆ ದಾರಿಯಲ್ಲಿ ಅಂಗಡಿ ಬರುತ್ತಿರಲಿಲ್ಲ.

ಈ ವರ್ಷದ ನವರಾತ್ರಿಗೆ ಮುಂಚೆ ಐನಾಪುರದ ಉಜ್ವಲಾ ಐದು ಸಾವಿರ ಸಸಿ ಬೇಕೆಂದು ಹೇಳಿದ್ದಳು. ತಂದೆ ಅವಳ ಹೆಸರಿಗೆ ಒಂದು ಎಕರೆ ಬರೆದಿದ್ದ. ಹೆಣ್ಣುಮಗಳು ಕಬ್ಬು ಬೆಳೆದು ತೋರಿಸಲಿ, ಆಗದಿದ್ದರೆ ನಾವು ಮಾಡಿಕೊಳ್ಳುತ್ತೇವೆ ಎಂದು ಅಣ್ಣಂದಿರು ಕಾಯುತ್ತಿದ್ದರು. ಉಜ್ವಲಾ ಫೋನಿನಲ್ಲಿ ಮಾತು ರೆಕಾರ್ಡು ಮಾಡಿ ಕಳಿಸುವವಳು. "ಸಕ್ಕೂಬಾಯಿ, ದಸರಾ ಆಗಿ ಹತ್ತನೇ ದಿನಕ್ಕ ಗಾಡಿ ಕಳಸ್ತೀನಿ. ಸಸಿ ಛಲೋ ಇರಬೇಕ ನೋಡ್ರಿ. ನಮ್ಮಣ್ಣ ಹೊಲದ ಬಾಂದಿನ ಮ್ಯಾಲ ಕುರ್ಚಿ ಹಾಕ್ಕೊಂಡ ಕುಂಡರಾಂವ ಅದಾನ." ಸಕ್ಕುಬಾಯಿ ಹಳೆಯ ಪುಡಿಯಲ್ಲೇ ನೂರು ಟ್ರೇ ಹಚ್ಚಿದಳು.

ನವರಾತ್ರಿಯ ಹಿಂದಿನ ವಾರ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಹೊಳೆಗೆ ಒಯ್ದು ಒಗೆಯುವ ವಾರ. ಹದಿನೇಳು ಕೌದಿ. ನೀರು ಕುಡಿದ ಕೌದಿಯನ್ನು ಇಬ್ಬರು ಹಿಂಡಬೇಕು. ಪಕ್ಕದ ಮನೆಯ ದ್ರೌಪದಿ ಮತ್ತು ಸಕ್ಕುಬಾಯಿ ಒಬ್ಬರದನ್ನೊಬ್ಬರು ಹಿಂಡಿಕೊಟ್ಟರು. ಘಟ ಕೂರಿಸುವ ದಿನ ಪತ್ರಾವಳಿಯಲ್ಲಿ ಮಣ್ಣು ಹಾಸಿ, ಧಾನ್ಯ ಬಿತ್ತಿ, ನಡುವೆ ನೀರಿನ ಮಗೆ ಇಡಬೇಕು. ಮಣ್ಣು ಹೊಲದಿಂದ ಬರಬೇಕು. ತರುವವಳು ಸಕ್ಕುಬಾಯಿ. ಅವಳ ಭುಜ ಎತ್ತಲು ಬರುತ್ತಿರಲಿಲ್ಲ. ಹಿತ್ತಲಿಗೆ ಹೋಗಿ ಒಂದು ಬುಟ್ಟಿ ಕೋಕೋಪೀಟು ತಂದು ಹಾಸಿದಳು. ಕಸವಿಲ್ಲ, ಕಲ್ಲಿಲ್ಲ, ದೇವರಿಗೆ ಇನ್ನೇನು ಬೇಕು ಎಂದುಕೊಂಡಳು.

ಧಾನ್ಯ ಮೊಳೆಯಿತು. ಮೂರನೆಯ ದಿನದ ಮೇಲೆ ಬೆಳೆಯಲಿಲ್ಲ. ಒಂಬತ್ತನೆಯ ದಿನವೂ ನಾಲ್ಕು ಬೆರಳುದ್ದವೇ ಇತ್ತು, ಅರಿಸಿನ ಹಚ್ಚಿದಂತೆ ಹಳದಿ. ಘಟದ ಪೈರು ಎಷ್ಟು ಎತ್ತರವೋ ಮನೆಯ ಏಳಿಗೆ ಅಷ್ಟು ಎಂದು ನಂಬುವ ಮನೆಗಳಲ್ಲಿ ಅದನ್ನು ನೋಡದಂತೆ ಇರಲು ಸಾಧ್ಯವಿಲ್ಲ. ದಸರೆಯ ಮುಂಜಾನೆ ದ್ರೌಪದಿ ತನ್ನ ಮನೆಯ ಪೈರನ್ನು ಹಂಚಲು ತಂದಳು. ಅದು ಗೇಣಿಗಿಂತ ಎತ್ತರವಿತ್ತು.

"ನಿಮ್ಮ ಘಟ ಯಾಕ ಹಿಂಗ ಕುಂತಾವ ಬೇ?" ಎಂದಳು.

"ದೇವಿ ಒಲ್ಲೆ ಅಂದಾಳ," ಎಂದಳು ಪದ್ಮವ್ವ. ಅವಳು ಕಂಬಕ್ಕೆ ಒರಗಿ ಕೂತಿದ್ದಳು. "ಮುಂಜಾನೆ ಎದ್ದ ಕೂಡ್ಲೆ ದೀಪದ ಕಡೆ ಲಕ್ಷ್ಯ ಇರಬೇಕ. ಇಕೀದು ಟ್ರೇದ ಕಡೆ. ಗಾಡಿ ಬರ್ತಾವ, ಯಾರ್‍ಯಾರೋ ಬರ್ತಾರ, ಹೆಣಮಗಳು ಬಾಗಲದಾಗ ನಿಂತು ಎಣಿಸಿ ಕೊಡ್ತಾಳ. ದುಂಡೇಶಗ ಹೆಣ್ಣ ಕೂಡಿ ಬರಲಾರದ್ದಕ್ಕ ಕಾರಣ ನಾ ಈಗ ತಿಳದ್ನಿ."

"ಆರ ವರ್ಷ ಆತ್ರಿ ಅತ್ತಿ, ಕೂಡಿ ಬರವಲ್ದು," ಎಂದಳು ದ್ರೌಪದಿ. "ಆವಾಗ ನರ್ಸರಿ ಇರಲಿಲ್ಲ."

"ದೇವಿಗೆ ಮುಂದಿಂದೂ ಗೊತ್ತಿರ್ತೈತಿ," ಎಂದಳು ಪದ್ಮವ್ವ.

ಚಹಾದ ಹೊತ್ತಿಗೆ ಮಾತು ಗಂಡಸರಿಗೆ ಹೋಯಿತು. ದುಂಡೇಶನಿಗೆ ದೇವಿಯ ವಿಷಯದಲ್ಲಿ ಹೇಳುವುದೇನೂ ಇರಲಿಲ್ಲ. ಆದರೆ ಶೇಡ್‌ನೆಟ್ ಇರುವ ಜಾಗ ಟ್ರಾಲಿ ನಿಲ್ಲಿಸಲು ಅಳತೆಗೆ ಸರಿಯಾಗಿದೆ ಎಂದು ಅವನು ಮೊದಲೇ ಹೆಜ್ಜೆ ಹಾಕಿ ನೋಡಿದ್ದ. ಧರೆಪ್ಪ ನ್ಯಾಯವಂತ, ಯಾರ ಪರವಾಗಿಯೂ ಮಾತಾಡುವವನಲ್ಲ.

"ಉಜ್ವಲಾಬಾಯಿ ಗಾಡಿ ಹೋಗಲಿ," ಎಂದ. "ಅವರ ಹೊಲದಾಗ ಸಸಿ ಹತ್ತಿದ್ರ ದೇವಿ ಸಿಟ್ಟಿಲ್ಲ ಅಂತ ಆತು, ನರ್ಸರಿ ಇರಲಿ. ಒಂದ ತಕರಾರ ಬಂತಂದ್ರ ನೆಟ್ ಬಿಚ್ಚೂಣು."

ಎಲ್ಲರಿಗೂ ಒಪ್ಪಿಗೆಯಾಯಿತು. ಸಕ್ಕುಬಾಯಿಯನ್ನು ಕೇಳಿರಲಿಲ್ಲ, ಅವಳು ಆಗ ಲೋಟ ತೊಳೆಯುತ್ತಿದ್ದಳು, ಆದರೆ ಕೇಳಿಸಿತು.

ಘಟ ಎತ್ತುವುದೂ ಅವಳ ಕೆಲಸವೇ. ಪ್ರತಿ ವರ್ಷ ಪೈರಿನ ಬೇರು ಮಣ್ಣನ್ನು ಎಷ್ಟು ಬಿಗಿಯಾಗಿ ಹಿಡಿದಿರುತ್ತದೆಂದರೆ ಪತ್ರಾವಳಿಯಿಂದ ದಪ್ಪ ರೊಟ್ಟಿ ಎತ್ತಿದಂತೆ ಇಡಿಯಾಗಿ ಎದ್ದು ಬರುತ್ತದೆ. ಈ ಸಲ ಪೈರು ಹಿಡಿದು ಎತ್ತಿದರೆ ಪೈರು ಮಾತ್ರ ಬಂತು. ಕೋಕೋಪೀಟು ಪುಡಿಪುಡಿಯಾಗಿ ಅಲ್ಲೇ ಉಳಿಯಿತು. ಸಕ್ಕುಬಾಯಿ ಒಂದನ್ನು ನೀರಲ್ಲಿ ಅದ್ದಿ ನೋಡಿದಳು. ಬೇರು ಉಗುರಿನಷ್ಟು ಉದ್ದ, ಕಂದು ಬಣ್ಣ, ದಪ್ಪ. ತುದಿ ಕಪ್ಪಗೆ, ಹುರಿಯುವಾಗ ಬಾಣಲೆಯ ತಳಕ್ಕೆ ಹತ್ತಿ ಕರಕಾದ ಶ್ಯಾವಿಗೆಯಂತೆ. ದ್ರೌಪದಿ ಕೊಟ್ಟುಹೋದ ಪೈರಿನ ಬೇರು ಬೆಳ್ಳಗೆ ಗೇಣುದ್ದ ಇತ್ತು, ಒಂದೊಂದಕ್ಕೂ ಕೂದಲಿಗಿಂತ ತೆಳುವಾದ ನೂರು ಕವಲು.

ಒಂದೇ ಗೋಧಿ. ಇಬ್ಬರೂ ಒಂದೇ ಅಂಗಡಿಯಿಂದ ತಂದದ್ದು. ಒಂದೇ ಬೋರಿನ ನೀರು. ದೇವಿಯೂ ಒಬ್ಬಳೇ. ಬೇರೆಯಾದದ್ದು ತಳದಲ್ಲಿ ಹಾಸಿದ್ದು ಮಾತ್ರ.

ಅವಳು ಹಿತ್ತಲಿಗೆ ಹೋಗಿ ಉಜ್ವಲಾಳ ಸಸಿಗಳಲ್ಲಿ ಒಂದನ್ನು ಕಿತ್ತಳು. ಮೇಲೆ ಹಸಿರು ಎಲೆ, ತುಸು ಮಾಸಲು ಎನ್ನಬಹುದು ಅಷ್ಟೇ. ಕೆಳಗೆ ಕರಕಾದ ಶ್ಯಾವಿಗೆ. ಇನ್ನೊಂದು ಟ್ರೇಯಿಂದ ಕಿತ್ತಳು. ಹನ್ನೆರಡು ಕಿತ್ತ ಮೇಲೆ ನಿಲ್ಲಿಸಿದಳು.

ಮರುದಿನ ಮೂರು ಸಸಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಊಟದ ಡಬ್ಬಿಯಲ್ಲಿಟ್ಟು, ಅಥಣಿಯ ಬಸ್ಸು ಹತ್ತಿದಳು. ಮನೆಯಲ್ಲಿ ಬಳೆ ಏರಿಸಿಕೊಳ್ಳಲು ಹೋಗುತ್ತೇನೆ ಎಂದಳು. ಬೀಜ, ಟ್ರೇ ಮಾರುವ ಅಂಗಡಿ ದಸ್ತಗೀರನದು. ಗಿರಾಕಿ ದಸ್ತಗೀರನನ್ನು ಕೇಳುತ್ತಾನೆ, ದಸ್ತಗೀರ ಒಳಗೆ ಕೂತ ಮಗಳು ಸುಲ್ತಾನಾಳನ್ನು ಕೇಳುತ್ತಾನೆ, ಅವಳು ಹೇಳಿದ್ದನ್ನು ತಿರುಗಿ ಗಿರಾಕಿಗೆ ಹೇಳುತ್ತಾನೆ. ಧಾರವಾಡದಲ್ಲಿ ಕೃಷಿ ಓದಿ ಬಂದವಳು ಸುಲ್ತಾನಾ. ಸಕ್ಕುಬಾಯಿ ನೇರವಾಗಿ ಒಳಗೆ ಹೋದಳು.

ಸುಲ್ತಾನಾ ಬೇರನ್ನು ಬಿಳಿ ಕಾಗದದ ಮೇಲಿಟ್ಟು ನೋಡಿದಳು.

"ಏನೇನ ಹಾಕ್ತೀರಿ ಅಕ್ಕಾರ?"

"ನೀರು. ತಿಂಗಳಿಗೊಮ್ಮಿ ನೀವ ಕೊಟ್ಟ ಗೊಬ್ಬರದ ನೀರು. ಮಜ್ಜಿಗಿ."

"ಎಂಥಾ ಮಜ್ಜಿಗಿ?"

"ಹಂಡೇದಾಗಿಂದು."

"ಹಂಡೆ ಎಂಥಾದು?"

ಸಕ್ಕುಬಾಯಿ ಹೇಳಿದಳು. ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು. ಹಸಿರು ಬಣ್ಣ ಬಂದದ್ದು, ಒಳಗು ಹೊಳೆದದ್ದು, ವಾರಕ್ಕೆ ಎರಡು ಸಲ, ಎರಡು ವರ್ಷ, ಅದೇ ಕೋಕೋಪೀಟು. ಸುಲ್ತಾನಾ ಪೆನ್ನು ಕೆಳಗಿಟ್ಟಳು.

"ಅಕ್ಕಾರ, ನೀವು ಹಂಡೆ ತೊಳದಿಲ್ಲ. ಹಂಡೆ ಕರಗಿಸೀರಿ."

"ಹೊಳೀತಿತ್ತಲ್ಲವಾ."

"ಮ್ಯಾಲಿನ ತಾಮ್ರ ಹೋದ್ರ ಒಳಗಿಂದು ಹೊಳೀತೈತಿ. ಹೋದದ್ದು ಮಜ್ಜಿಗಿಯೊಳಗ ಬಂತು. ಎಲಿ ಮ್ಯಾಲ ಸ್ವಲ್ಪ ಹೊಡದ್ರ ಬುರುಸು ಸಾಯ್ತೈತಿ, ಅದೇನ ಸುಳ್ಳಲ್ಲ. ಬೇರಿಗೂ ತಾಮ್ರ ಬೇಕ, ಆದ್ರ ಚಿಟಿಕಿಯೊಳಗ ಚಿಟಿಕಿ. ಟ್ರೇಕ ಹಾಕಿದ್ರ ನೀರ ಸೋರಿ ಹೋಗ್ತೈತಿ, ತಾಮ್ರ ನಾರಿನ ಪುಡಿ ಹಿಡ್ಕೊಂಡ ಅಲ್ಲೇ ಕುಂಡರತೈತಿ. ಬೇರ ಬೆಳಿಯೂದು ತುದಿಯಿಂದ. ಅದು ಮೊದಲ ಸುಡೂದು ತುದೀನ. ತುದಿ ಹೋತಂದ್ರ ಬೇರ ಉದ್ದ ಆಗೂದಿಲ್ಲ, ಅಲ್ಲೇ ದಪ್ಪ ಆಗ್ತೈತಿ, ಕವಲ ಒಡಿಯೂದಿಲ್ಲ. ಕವಲ ಇಲ್ಲಂದ್ರ ನೀರ ಇದ್ರೂ ಕುಡಿಲಿಕ್ಕೆ ಬಾಯಿಲ್ಲ."

"ಹಂಗಾರ ಮ್ಯಾಲ ಹಸರ ಹೆಂಗ ಅದಾವು?"

"ಕಬ್ಬಿನ ಚಕ್ಕಿಯೊಳಗ ಸಕ್ಕರಿ ಇರ್ತೈತಲ್ಲ. ಅದನ್ನ ತಿಂದ ಬೆಳದಾವು. ತವರಮನಿ ಬುತ್ತಿ. ಅದು ತೀರಿದ ಮ್ಯಾಲ ಗೊತ್ತಾಗ್ತೈತಿ."

ಹೊರಗಿನಿಂದ ದಸ್ತಗೀರ "ಬೇಟಾ, ಮೆಣಸಿನ ಬೀಜ ಎಷ್ಟ ದಿನಕ್ಕ ಮೊಳೀತಾವಂತ?" ಎಂದು ಕೇಳಿದ. "ಎಂಟ ದಿನಕ್ಕ," ಎಂದಳು ಸುಲ್ತಾನಾ. "ಎಂಟ ದಿನಕ್ಕರೀ," ಎಂದು ಹೊರಗೆ ಕೇಳಿಸಿತು.

ತಾಮ್ರವೇ ಎಂದು ಖಚಿತ ಮಾಡಿಕೊಳ್ಳಲು ಪ್ರಯೋಗಾಲಯಕ್ಕೆ ಕಳಿಸಬೇಕು, ಉತ್ತರ ಬರಲು ತಿಂಗಳಾಗುತ್ತದೆ ಎಂದಳು ಸುಲ್ತಾನಾ. ಮನೆಯಲ್ಲೇ ನೋಡಬಹುದಾದ ದಾರಿಯನ್ನೂ ಹೇಳಿದಳು. ಸಕ್ಕುಬಾಯಿ ನೀರಿಗೆ ಹಾಕಿದರೆ ಅರಳುವ ಹೊಸ ಕೋಕೋಪೀಟಿನ ಒಂದು ಇಟ್ಟಿಗೆ ಕೊಂಡಳು. ಬಳೆಯನ್ನೂ ಏರಿಸಿಕೊಂಡಳು. ಹೇಳಿ ಬಂದಿದ್ದಳಲ್ಲ.

ಒರಳಿನ ಹಿಂದೆ ಮೂರು ತೆಂಗಿನ ಚಿಪ್ಪು ಇಟ್ಟಳು. ಮೂರರಲ್ಲೂ ಹೊಸ ಕೋಕೋಪೀಟು, ಮೂರರಲ್ಲೂ ಇಪ್ಪತ್ತು ಗೋಧಿ. ಒಂದಕ್ಕೆ ನೀರು. ಇನ್ನೊಂದಕ್ಕೆ ಸ್ಟೀಲು ಪಾತ್ರೆಯಲ್ಲಿ ಹುಳಿ ಬಂದ ಮಜ್ಜಿಗೆಯ ನೀರು. ಮತ್ತೊಂದಕ್ಕೆ ಹಂಡೆಯ ಮಜ್ಜಿಗೆ, ದಿನಾ ಬಿಡದೆ. ಅಲ್ಲಿ ಯಾರೂ ನೋಡುವ ಭಯವಿರಲಿಲ್ಲ. ಒರಳಿನ ಹತ್ತಿರ ಅವಳನ್ನು ಬಿಟ್ಟರೆ ಯಾರೂ ಬರುತ್ತಿರಲಿಲ್ಲ. ಏಳನೆಯ ದಿನ ಕಿತ್ತು ನೋಡಿದಳು. ನೀರಿನದು ಬಿಳಿ, ಉದ್ದ. ಸ್ಟೀಲಿನ ಮಜ್ಜಿಗೆಯದು ಸ್ವಲ್ಪ ಗಿಡ್ಡ, ಆದರೆ ಬಿಳಿ. ಹಂಡೆಯದು ಉಗುರುದ್ದ, ಕಂದು.

ದೇವಿ ಈ ಮೂರು ಚಿಪ್ಪುಗಳಲ್ಲಿ ಒಂದನ್ನು ಮಾತ್ರ ಆರಿಸಿ ಸಿಟ್ಟಾಗಿರಲಾರಳು.

ಮರುದಿನ ಹೊಲಕ್ಕೆ ಬುತ್ತಿ ಒಯ್ದಾಗ ಗಂಡನಿಗೆ ಎಲ್ಲ ಹೇಳಿದಳು. ಧರೆಪ್ಪ ರೊಟ್ಟಿ ಮುರಿಯುತ್ತ ಕೇಳಿದ. ಅವನು ಸಿಟ್ಟಿಗೇಳಲಿಲ್ಲ.

"ಹಸರ ಅದಾವಲ್ಲ?"

"ಅದಾವು."

"ಮತ್ತ ಕಳಸು. ಗಾಡಿಯಾಗ ಹಾಕೂ ಮುಂದ ಬೇರ ಯಾರ ನೋಡ್ತಾರ?"

"ಹತ್ತೂದಿಲ್ಲರಿ."

"ಎಲ್ಲಾನೂ ಏನ ಸಾಯೂದಿಲ್ಲ. ಕರಿ ಮಣ್ಣ ಐತಿ ಅವರದು. ಮಣ್ಣಿಗೆ ಹೋದ ಮ್ಯಾಲ ಹೊಸಾ ಬೇರ ಬಂದಾವು."

ಇದೂ ಸುಳ್ಳಲ್ಲ. ಸುಲ್ತಾನಾ ಅದನ್ನೇ ಹೇಳಿದ್ದಳು: ನೂರಕ್ಕೆ ಮೂವತ್ತು ಬದುಕಬಹುದು, ನಲವತ್ತೂ ಬದುಕಬಹುದು. ಉಳಿದವು ಒಣಗಿದರೆ ರೈತರು ಗೆದ್ದಲು ಎನ್ನುತ್ತಾರೆ, ನೀರು ತಪ್ಪಿತು ಎನ್ನುತ್ತಾರೆ. ಉಜ್ವಲಾಳ ಹೊಲದಲ್ಲಾದರೆ ಕಾರಣ ಹುಡುಕುವ ತೊಂದರೆಯೂ ಇಲ್ಲ. ಹೆಣ್ಣುಮಗಳ ಕೈಯಿಂದ ಆಗಲಿಲ್ಲ ಎಂದು ಬದುವಿನ ಮೇಲೆ ಕುರ್ಚಿ ಹಾಕಿಕೊಂಡು ಕೂತ ಅಣ್ಣನೇ ಹೇಳುತ್ತಾನೆ.

"ಕಳಸಲಿಲ್ಲಂದ್ರ ಏನ ಆಗ್ತೈತಿ ಗೊತ್ತೈತಲ್ಲ?" ಎಂದ ಧರೆಪ್ಪ. "ದುಂಡ್ಯಾ ನಾಳೇನ ನೆಟ್ ಬಿಚ್ತಾನ. ನಾ ಮಾತ ಕೊಟ್ಟೇನಿ." ನೀರು ಕುಡಿದು ತಂಬಿಗೆ ಕೆಳಗಿಟ್ಟ. "ಮತ್ತ ಹಂಡೆ ಮಾತ ಅವ್ವನ ಮುಂದ ತಗೀಬ್ಯಾಡ. ಆಕೀ ತವರಮನೀದು. ಮನಸಿಗೆ ಹಚ್ಚಕೋತಾಳ."

ಸಕ್ಕುಬಾಯಿ ಖಾಲಿ ಬುತ್ತಿ ತೆಗೆದುಕೊಂಡು ಮನೆಗೆ ಬಂದಳು. ಆ ಸಂಜೆ ದ್ರೌಪದಿಯ ಗಂಡ ಅಥಣಿಯಿಂದ ಬರುವಾಗ ಕೋಕೋಪೀಟಿನ ಎರಡು ದೊಡ್ಡ ಇಟ್ಟಿಗೆ ತಂದುಕೊಟ್ಟ. ಅವನ್ನು ಮುಂದಿನ ಸಲದ ಸಸಿಗೆಂದು ಹೇಳಿ ತರಿಸಿದ್ದಳು. ಮುಂದಿನ ಸಲ ಇರುತ್ತದೋ ಇಲ್ಲವೋ ಎಂಬುದನ್ನು ಹೇಳಿರಲಿಲ್ಲ.

ದಸರೆಯಾಗಿ ಹತ್ತನೆಯ ದಿನ ಅವಳು ಎಂದಿನಂತೆ ನಾಲ್ಕಕ್ಕೆ ಎದ್ದಳು. ಗಾಡಿ ಎಂಟಕ್ಕೆ ಬರುವುದಿತ್ತು. ಎಮ್ಮೆಗಳು ಅವಳ ಸಪ್ಪಳಕ್ಕೆ ಎದ್ದು ನಿಂತವು. ಅವಳು ಅವುಗಳನ್ನು ದಾಟಿ ಶೇಡ್‌ನೆಟ್ಟಿಗೆ ಹೋಗಿ ಬ್ಯಾಟರಿ ಹಚ್ಚಿ ಕಂಬಕ್ಕೆ ಕಟ್ಟಿದಳು. ನೂರು ಟ್ರೇ ಹಸಿರಾಗಿ ನಿಂತಿದ್ದವು. ನೋಡಿದವರು ಯಾರೂ ತಕರಾರು ಮಾಡುವಂತಿರಲಿಲ್ಲ.

ಅವಳು ತಲೆಕೆಳಗು ಮಾಡಿದ ಬುಟ್ಟಿಯ ಮೇಲೆ ಕೂತು ಯೋಚಿಸಿದಳು. ಸಸಿ ಕಳಿಸಿದರೆ ತಿಂಗಳವರೆಗೆ ನರ್ಸರಿ ಇರುತ್ತದೆ. ಅವು ಹತ್ತದಿದ್ದರೆ ತಕರಾರು ಬರುತ್ತದೆ, ಆಗ ದೇವಿಯ ಸಿಟ್ಟು ನಿಜವಾಗುತ್ತದೆ. ತಕರಾರು ಬರದಿದ್ದರೆ, ಎಂದರೆ ಉಜ್ವಲಾ ತನ್ನ ಕೈಯನ್ನೇ ಬೈದುಕೊಂಡು ಎಕರೆಯನ್ನು ಅಣ್ಣಂದಿರಿಗೆ ಬಿಟ್ಟುಕೊಟ್ಟರೆ, ನರ್ಸರಿ ಉಳಿಯುತ್ತದೆ. ಹಾಗೆ ಉಳಿದ ಮೇಲೆ ಪ್ರತಿ ಟ್ರೇ ಕೊಡುವಾಗ ಇದು ನೆನಪಿಗೆ ಬರುತ್ತದೆ. ಕಳಿಸದಿದ್ದರೆ ಧರೆಪ್ಪನ ಮಾತಿನಂತೆ ನೆಟ್ ಬಿಚ್ಚುತ್ತಾರೆ. ಬಿಚ್ಚಿದ ನೆಟ್ಟು ಸುತ್ತಿಡುವುದೂ ತನ್ನ ಕೆಲಸವೇ. ಸುತ್ತಿಟ್ಟದ್ದು ಎಲ್ಲಿದೆ ಎಂಬುದು ತನಗೊಬ್ಬಳಿಗೇ ಗೊತ್ತಿರುತ್ತದೆ. ದೇವಿಯ ಸಿಟ್ಟು ಎಂದಾದರೆ ಮಾಡುವುದಕ್ಕೆ ಏನೂ ಇಲ್ಲ. ತನ್ನ ತಪ್ಪು ಎಂದಾದರೆ ಮಾಡುವುದು ಬಹಳ ಇದೆ: ಹಳೆಯ ಕೋಕೋಪೀಟು ಚೀಲಕ್ಕೆ ತುಂಬಿ ದೂರ ಹುಗಿಯಬೇಕು, ಟ್ರೇ ತೊಳೆಯಬೇಕು, ಸಸಿಗಳ ಬೇರನ್ನು ನೀರಲ್ಲಿ ಗಲಬರಿಸಿ ಹೊಸ ಪುಡಿಯಲ್ಲಿ ಮತ್ತೆ ಹಚ್ಚಬೇಕು. ಹಂಡೆ ತಿಕ್ಕಲು ಮತ್ತೆ ಹುಣಸೆಹಣ್ಣೂ ನೆನೆಹಾಕಬೇಕು.

ಅವಳು ತಪ್ಪನ್ನು ಆರಿಸಿಕೊಂಡಳು.

ಫೋನು ತೆಗೆದು, ಉಜ್ವಲಾ ಮಾಡುವಂತೆಯೇ, ಗುಂಡಿ ಒತ್ತಿ ಹಿಡಿದಳು.

"ಉಜ್ವಲಾ ಅಕ್ಕಾರ, ಸಕ್ಕೂಬಾಯಿ ಮಾತಾಡಾಕತ್ತೀನಿ, ಸತ್ತಿಯಿಂದ. ಗಾಡಿ ಕಳಸಬ್ಯಾಡ್ರಿ. ಸಸಿ ಮ್ಯಾಲ ಹಸರ ಅದಾವು, ಕೆಳಗ ಬೇರಿಲ್ಲ. ತಾಮ್ರದ ಹಂಡೇದಾಗಿನ ಮಜ್ಜಿಗಿ ನಾನ ಹಾಕೀನಿ, ಅದಕ್ಕ ಸುಟ್ಟಾವು. ತೊಳದು ಹೊಸಾ ಪುಡಿಯೊಳಗ ಹಚ್ಚಾಕತ್ತೀನಿ. ಇಪ್ಪತ್ತೈದ ದಿನ ಬೇಕು. ಎಲ್ಲಾ ಉಳಿಯೂದಿಲ್ಲ, ಕಡಿಮಿ ಬಿದ್ದದ್ದಕ್ಕ ಹೊಸಾ ಕಣ್ಣ ಹಚ್ಚಿ ತುಂಬಿ ಕೊಡ್ತೀನಿ. ಅಷ್ಟ ದಿನ ನಿಮಗ ತಡಿಯಾಕ ಆಗೂದಿಲ್ಲಂದ್ರ ಬ್ಯಾರೆ ಕಡೆ ತಗೋರಿ. ಯಾರ ಕಡೆ ತಗೊಂಡ್ರೂ ಒಂದ ಸಸಿ ಕಿತ್ತು, ಬೇರ ನೋಡಿ ತಗೋರಿ."

ಬೆರಳು ಎತ್ತಿದಳು. ಮಾತು ಹೋಯಿತು.

ಅಷ್ಟಕ್ಕೇ ಬಿಟ್ಟರೆ ಏನಾಗುತ್ತದೆಂದೂ ಅವಳಿಗೆ ಗೊತ್ತಿತ್ತು. ಧರೆಪ್ಪ ಎದ್ದು, ವಿಷಯ ತಿಳಿದು, ಉಜ್ವಲಾಳ ಅಣ್ಣನಿಗೆ ಫೋನು ಮಾಡಿ, ಹೆಂಗಸು ಹೆದರಿದ್ದಾಳೆ, ಸಸಿ ಛಲೋ ಅದಾವು, ಗಾಡಿ ಕಳಸ್ರಿ ಎನ್ನುತ್ತಾನೆ. ಆಮೇಲೆ ಎಲ್ಲರೂ ಕೂತು ಮಾತಾಡುತ್ತಾರೆ. ತಾನು ಚಹಾ ಮಾಡುತ್ತಿರುತ್ತಾಳೆ. ಗಾಡಿ ಬಂದರೂ ಹೇರಲು ಟ್ರೇ ಇರಬಾರದು.

ಸಕ್ಕುಬಾಯಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಮೊದಲನೆಯ ಟ್ರೇಯನ್ನು ಹಾಸಿದ ಚೀಲದ ಮೇಲೆ ಹಿಡಿದು ತಲೆಕೆಳಗು ಮಾಡಿ, ತಳವನ್ನು ಅಂಗೈಯಿಂದ ತಟ್ಟಿದಳು. ಐವತ್ತು ಸಸಿ, ಹಿಡಿಯುವ ಬೇರಿಲ್ಲದ್ದರಿಂದ, ಒಮ್ಮೆಲೇ ಉದುರಿದವು. ಎರಡನೆಯದನ್ನು ತಟ್ಟಿದಳು. ಒಳಗೆ ಪದ್ಮವ್ವ ಕೆಮ್ಮಿ, ಉಪ್ಪಿನ ಗಂಟಿಗಾಗಿ ಕೂಗಿದಳು. ಇನ್ನು ತೊಂಬತ್ತೆಂಟು ಇದ್ದವು. ಸಕ್ಕುಬಾಯಿ ಮೂರನೆಯದನ್ನು ಎತ್ತಿಕೊಂಡಳು.